ಪ್ರಸಾದವೆಂದು ಕೈಯೊಡ್ಡಿದ ದಿನ



ಕಳೆದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆಯನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ. ನಮ್ಮ ಶಾಲೆಯಲ್ಲಿ ಕಲಿತು ಈಗ ಪುಣೆಯಲ್ಲಿ ನೆಲೆಸಿರುವ ಶಿಷ್ಯನೊಬ್ಬ ಖಾನಾಪುರ ತಾಲೂಕಿನ ಹಳ್ಳಿಯೊಂದಕ್ಕೆ ತನ್ನ ಬಾಲ್ಯದ ಗೆಳೆಯನ ಮಗಳ ಮದುವೆಗೆ ಹೋಗಿದ್ದ. ಮದುವೆ ಇಗರ್ಜಿಯಲ್ಲಿ. ಪೂಜೆಯ ನಡುವೆ ಎಲ್ಲರೂ ಸಾಲಾಗಿ ಮುಂದೆ ಹೋಗುವುದನ್ನು ಕಂಡು ತಾನೂ ಸಾಲಿನಲ್ಲಿ ನಿಂತ. ಮುಂದೆ ತಲುಪಿದಾಗ ಗುರುಗಳು ಮೆಲ್ಲನೆ ಏನೋ ಕೇಳಿದರು, ಇವನು ಇಲ್ಲವೆಂದು ತಲೆಯಾಡಿಸಿದ, ಅವರು ಪ್ರಸಾದ ಕೊಡದೆ ಕೈಯೆತ್ತಿ ಹರಸಿ ಕಳುಹಿಸಿದರು. ಅಂದೇ ರಾತ್ರಿ ಅವನು ಗುಂಪಿನಲ್ಲಿ ಬರೆದ: "ನಮ್ಮ ಬನಶಂಕರಿ ಜಾತ್ರೀ ಪ್ರಸಾದ ನಾವು ಯಾರಿಗೂ ಇಲ್ಲ ಅನ್ನಂಗಿಲ್ಲ. ಇವರು ನಮಗ ಯಾಕ ಕೊಡಂಗಿಲ್ಲ? ನಾವೇನು ಮುಟ್ಟಬಾರದವರೇನು?" ಅದಕ್ಕೆ ಹತ್ತಾರು ಜನರು ಹೌದೆಂದರು. ಮದುವೆಯ ಮನೆಯ ಗೆಳೆಯ ಒಂದು ಮಾತೂ ಆಡದೆ ಮರುದಿನ ಗುಂಪನ್ನೇ ಬಿಟ್ಟು ಹೋದ.

ಒಂದೇ ಬೆಂಚಿನ ಮೇಲೆ ಕುಳಿತು ಕಲಿತ ಇಬ್ಬರು, ಒಂದೇ ಬುತ್ತಿಯಲ್ಲಿ ಕೈಹಾಕಿ ಉಂಡವರು, ಐವತ್ತು ದಾಟಿದ ಮೇಲೆ ಹೀಗೆ ಮುಖ ತಿರುಗಿಸಿಕೊಂಡದ್ದು ನನಗೆ ಬಹಳ ನೋವಾಯಿತು. ಗುಂಪಿನಲ್ಲಿ ನಾಲ್ಕು ಸಾಲು ಬರೆದರೆ ಸಾಲದೆಂದು ಇಲ್ಲಿ ಬರೆಯುತ್ತಿದ್ದೇನೆ. ಬರೆಯುವ ಅಧಿಕಾರ ನನಗಿದೆಯೆಂದು ಭಾವಿಸಲು ಒಂದು ಕಾರಣವುಂಟು. ಅವನು ಮಾಡಿದ ತಪ್ಪನ್ನು ಅವನಿಗಿಂತ ಮುಂಚೆ, ಅವನಿಗಿಂತ ದೊಡ್ಡದಾಗಿ, ನಾನೇ ಮಾಡಿದ್ದೇನೆ.

ಅದು 1994ರ ಬೇಸಿಗೆ. ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅಕ್ಕೋರು ಕೊಂಕಣಿ ಮಾತಿನ ಕೆಥೊಲಿಕ ಮನೆತನದವರು. ಅವರ ತಮ್ಮನ ಮದುವೆಗೆ ನಾವು ಶಿಕ್ಷಕರೆಲ್ಲ ಖಾಸಬಾಗದಿಂದಲೂ ಶಹಾಪುರದಿಂದಲೂ ಕೂಡಿ ಬಸ್ಸು ಹಿಡಿದು ಹೋಗಿದ್ದೆವು. ನಮ್ಮ ಮನೆಯಲ್ಲಿ ಆಗ ನನ್ನ ತಾಯಿ ಹಾಸಿಗೆ ಹಿಡಿದಿದ್ದರು. ನೇಕಾರರ ಮನೆಯ ಹೆಣ್ಣುಮಗಳು; ಮಗ್ಗದ ಸಪ್ಪಳದಲ್ಲಿಯೇ ಹುಟ್ಟಿ ಅದರಲ್ಲಿಯೇ ಮುದುಕಿಯಾದವರು. ನಾನು ಯಾವ ಊರಿಗೆ ಹೊರಟರೂ ಅವರದು ಒಂದೇ ಮಾತು: "ಅಲ್ಲಿ ಯಾವ ದೇವರ ಇದ್ರೂ ನನಗೊಂಚೂರು ಪ್ರಸಾದ ತೊಗೊಂಡ ಬಾ."

ಇಗರ್ಜಿಯಲ್ಲಿ ಪೂಜೆ ನಡೆಯಿತು. ಎಲ್ಲರೂ ಎದ್ದಾಗ ಎದ್ದೆವು, ಕುಳಿತಾಗ ಕುಳಿತೆವು. ಜನರು ಸಾಲುಗಟ್ಟಿದಾಗ ನಾನೂ ಹೋಗಿ ಮುಂದಿನವರನ್ನು ನೋಡಿ ಎರಡು ಕೈ ಜೋಡಿಸಿ ಬೊಗಸೆಯೊಡ್ಡಿದೆ. ಜನದಟ್ಟಣೆಯಲ್ಲಿ ನನ್ನ ಗುರುತು ಯಾರಿಗೆ ಹತ್ತಬೇಕು? ಬಿಳಿಯ ತೆಳ್ಳನೆಯ ಬಿಲ್ಲೆಯೊಂದು ಅಂಗೈಗೆ ಬಂತು. ಅದನ್ನು ಭಕ್ತಿಯಿಂದಲೇ ಕಣ್ಣಿಗೊತ್ತಿಕೊಂಡು, ಕರವಸ್ತ್ರದಲ್ಲಿ ಸುತ್ತಿ, ಅವ್ವನಿಗಾಗಿ ಜೇಬಿನಲ್ಲಿಟ್ಟುಕೊಂಡೆ.

ಬಾಗಿಲ ಹತ್ತಿರ ಬರುವಷ್ಟರಲ್ಲಿ ಇಗರ್ಜಿಯ ಹಿರಿಯರೊಬ್ಬರು ಬೆನ್ನಟ್ಟಿ ಬಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ; ಮನೆಯ ಕೂಸು ಬಾವಿಯ ಕಟ್ಟೆ ಹತ್ತಿದ್ದನ್ನು ಕಂಡವರ ಗಾಬರಿಯಿತ್ತು. ಕೈಮುಗಿದು, "ಮಾಸ್ತರ, ದಯಮಾಡಿ ಅದನ್ನ ತಿರುಗಿ ಕೊಡ್ರಿ, ಹೊರಗ ಒಯ್ಯುವಂಗಿಲ್ಲ" ಎಂದರು. ಸುತ್ತಲಿನ ಜನ ನೋಡುತ್ತಿದ್ದರು. ಕರವಸ್ತ್ರ ಬಿಚ್ಚಿ ಕೊಟ್ಟೆ. ಕೊಟ್ಟು, ಊಟಕ್ಕೂ ನಿಲ್ಲದೆ, ಉರಿಬಿಸಿಲಿನಲ್ಲಿ ನಡೆದು ಬಸ್ಸು ಹಿಡಿದೆ. ಕಳ್ಳನನ್ನು ಹಿಡಿದಂತೆ ಹಿಡಿದರಲ್ಲ ಎಂಬುದೊಂದೇ ಮನಸ್ಸಿನಲ್ಲಿ. ಮನೆಗೆ ಬಂದಾಗ ಅವ್ವ ಕೈಚಾಚಿ, "ಏನ ತಂದಿಯೋ?" ಎಂದರು. "ಅಲ್ಲಿ ಪ್ರಸಾದ ಕೊಡಂಗಿಲ್ಲವಾ" ಎಂದು ಸುಳ್ಳು ಹೇಳಿದೆ.

ರಜೆ ಮುಗಿದು ಶಾಲೆ ತೆರೆದ ದಿನ ಅಕ್ಕೋರು ನೇರವಾಗಿ ನನ್ನ ಬಳಿ ಬಂದರು. ನಾನು ಮುಖ ಗಂಟು ಹಾಕಿಕೊಂಡಿದ್ದೆ. ಅವರು, "ತಪ್ಪು ನಂದ್ರೀ ಸರ್. ಮನೀಗೆ ಕರದ ಮ್ಯಾಲೆ ಮನೀ ಪದ್ಧತಿ ಮೊದಲ ಹೇಳಬೇಕಿತ್ತು" ಎಂದರು. ಆ ಒಂದು ಮಾತಿಗೆ ನನ್ನ ಸಿಟ್ಟಿನ ಅರ್ಧ ಇಳಿಯಿತು. ಉಳಿದರ್ಧ ಇಳಿದದ್ದು ಮುಂದಿನ ದಿನಗಳಲ್ಲಿ ಅವರು ತಿಳಿಸಿ ಹೇಳಿದ ಮೇಲೆ. ಅವರಿಂದ ಕೇಳಿದ್ದನ್ನೂ, ಅನಂತರ ನಾನೇ ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಕನ್ನಡದ ಮಾಸ್ತರನಾಗಿ ಒಂದು ಶಬ್ದದ ವಿಚಾರ. ಕೆಥೊಲಿಕರ ಪೂಜೆಯಲ್ಲಿ ಕೊಡುವುದಕ್ಕೆ ಕನ್ನಡದಲ್ಲಿ 'ಪರಮ ಪ್ರಸಾದ' ಎನ್ನುತ್ತಾರೆ. ಇಡೀ ಪೂಜೆಗೆ 'ಬಲಿಪೂಜೆ'. ಬಹಳ ಸುಂದರವಾದ ಶಬ್ದಗಳು. ಆದರೆ 'ಪ್ರಸಾದ' ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳು ಒಟ್ಟಿಗೆ ಹೆಣೆದುಕೊಂಡಿವೆ. ದೇವರಿಗೆ ಅರ್ಪಿತವಾಗಿ ಅನುಗ್ರಹವಾಗಿ ತಿರುಗಿ ಬಂದದ್ದು ಎಂಬುದು ಒಂದು; ಬಂದವರಿಗೆಲ್ಲ ಹಂಚತಕ್ಕದ್ದು ಎಂಬುದು ಇನ್ನೊಂದು. ಕನ್ನಡದ ಕ್ರೈಸ್ತರು ಈ ಶಬ್ದವನ್ನು ಸ್ವೀಕರಿಸಿದಾಗ ಮೊದಲನೆಯ ಅರ್ಥವು ಒಳಗೆ ಬಂತು, ಎರಡನೆಯದು ಬಾಗಿಲ ಹೊರಗೆ ಉಳಿಯಿತು. ನಾವು ಹೊರಗಿನವರು ಆ ಎರಡನೆಯ ಅರ್ಥವನ್ನು ಹಿಡಿದುಕೊಂಡೇ ಒಳಗೆ ಹೋಗುತ್ತೇವೆ. ನನ್ನ ಅವಮಾನದ ಮೂಲ ಅರ್ಧದಷ್ಟು ನಿಘಂಟಿನಲ್ಲಿಯೇ ಇತ್ತೆಂದು ಈಗ ನನಗೆ ಅನಿಸುತ್ತದೆ.

ಹಾಗಾದರೆ ಅದು ಏನು? ಯೇಸುಸ್ವಾಮಿ ತಮ್ಮ ಮರಣದ ಹಿಂದಿನ ರಾತ್ರಿ ಶಿಷ್ಯರೊಡನೆ ಉಂಡ ಊಟವನ್ನು ಬಲಿಪೂಜೆ ಸ್ಮರಿಸುತ್ತದೆ. ಕೆಥೊಲಿಕರ ನಂಬಿಕೆಯಂತೆ ಅದು ಬರಿಯ ಸ್ಮರಣೆಯಲ್ಲ. ಗುರುಗಳು ಪ್ರಾರ್ಥಿಸಿ ಮೇಲೆತ್ತುವ ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತರ ಶರೀರ ಮತ್ತು ರಕ್ತವೇ ಆಗುತ್ತವೆ. ಅದನ್ನು ನಾವು ನಂಬಬೇಕಾಗಿಲ್ಲ. ಆದರೆ ಅವರು ಹಾಗೆ ನಂಬುತ್ತಾರೆಂಬುದನ್ನು ತಿಳಿದರೆ, ಕರವಸ್ತ್ರದಲ್ಲಿ ಸುತ್ತಿ ಒಯ್ಯುತ್ತಿದ್ದವನನ್ನು ಕಂಡು ಆ ಹಿರಿಯರು ಏಕೆ ಓಡಿ ಬಂದರೆಂಬುದು ಅರ್ಥವಾಗುತ್ತದೆ. ಕೈಗೆ ಪಡೆದವರು ಅಲ್ಲಿಯೇ, ಆಗಲೇ ಸೇವಿಸಬೇಕು, ಒಯ್ಯುವಂತಿಲ್ಲ. ಅದನ್ನು ಸ್ವೀಕರಿಸಿ 'ಆಮೆನ್' ಎನ್ನುವುದೆಂದರೆ ಈ ಎಲ್ಲ ನಂಬಿಕೆಗೆ, ಈ ಸಭೆಗೆ ನಾನು ಸೇರಿದವನೆಂದು ಎಲ್ಲರೆದುರು ಒಪ್ಪಿಕೊಂಡಂತೆ. ಒಪ್ಪದೆ ಒಪ್ಪಿದೆನೆಂದು ಹೇಳಿದರೆ ಅದು ಅವರಿಗೂ ಸಲ್ಲದು, ನಮಗೂ ಶೋಭಿಸದು.

ನಮ್ಮ ನೆರೆಹೊರೆಯಿಂದಲೇ ಉದಾಹರಣೆ ಕೊಡುತ್ತೇನೆ. ಲಿಂಗಾಯತ ಗೆಳೆಯನು ತನ್ನ ಕೊರಳಿನ ಇಷ್ಟಲಿಂಗವನ್ನು, ಎಷ್ಟೇ ಆಪ್ತನಾದರೂ, ನನ್ನ ಅಂಗೈಗೆ ಕೊಟ್ಟು "ನೀನೂ ಪೂಜಿಸು" ಎನ್ನುವನೇ? ಎನ್ನನು. ನಾನೂ ಕೇಳೆನು. ಅದರಿಂದ ನಮ್ಮ ಸ್ನೇಹಕ್ಕೇನೂ ಕುಂದಿಲ್ಲ. ದೀಕ್ಷೆಯಿಂದ ದೊರೆಯುವುದನ್ನು ದಾಕ್ಷಿಣ್ಯದಿಂದ ಪಡೆಯಲಾಗದು. ಪರಮ ಪ್ರಸಾದವನ್ನು ನಮ್ಮ ಜಾತ್ರೆಯ ಪ್ರಸಾದದೊಡನೆ ತೂಗುವ ಬದಲು ಇಷ್ಟಲಿಂಗದೊಡನೆ ತೂಗಿ ನೋಡಿರಿ, ಲೆಕ್ಕ ಸರಿಹೊಂದುತ್ತದೆ.

"ನಾವೇನು ಮುಟ್ಟಬಾರದವರೇನು?" ಎಂದು ನಮ್ಮ ಶಿಷ್ಯ ಕೇಳಿದ ಪ್ರಶ್ನೆ ಹಗುರವಾದುದಲ್ಲ. ಈ ನೆಲದಲ್ಲಿ ಹುಟ್ಟಿನ ಕಾರಣಕ್ಕೆ ಜನರನ್ನು ಗುಡಿಯ ಹೊರಗೆ ನಿಲ್ಲಿಸಿದ ಚರಿತ್ರೆ ನಮ್ಮದು. ಕ್ರೈಸ್ತರಲ್ಲಿಯೂ ಜಾತಿ ಪೂರ್ತಿ ಅಳಿದಿದೆಯೆಂದು ನಾನು ಹೇಳಲಾರೆ. ಆದರೆ ಈ ನಿಯಮ ಹುಟ್ಟನ್ನು ನೋಡುವುದಿಲ್ಲ. ಕೆಥೊಲಿಕ ತಂದೆತಾಯಿಗಳಿಗೆ ಹುಟ್ಟಿ ದೀಕ್ಷಾಸ್ನಾನ ಪಡೆದ ಐದು ವರ್ಷದ ಮಗುವಿಗೂ ಪರಮ ಪ್ರಸಾದವಿಲ್ಲ. ತಿಳಿವಳಿಕೆ ಬಂದು, ಪಾಠ ಕಲಿತು, ಮೊದಲ ಪರಮ ಪ್ರಸಾದದ ದಿನ ಬರುವವರೆಗೆ ಅದೂ ಕಾಯಬೇಕು. ಏಳು ವರ್ಷದ ಸುಮಾರಿಗೆ ಕೊಡಬಹುದೆಂದು ಹತ್ತನೆಯ ಪಿಯುಸ್ ಜಗದ್ಗುರುಗಳು ನಿರ್ಣಯಿಸಿದ್ದು 1910ರಲ್ಲಿ. ಅದಕ್ಕೆ ಮೊದಲು ಮಕ್ಕಳು ಇನ್ನೂ ಹೆಚ್ಚು ವರ್ಷ ಕಾಯುತ್ತಿದ್ದರು. ದೊಡ್ಡವರಿಗೂ ಕಟ್ಟಳೆಯಿದೆ. ಘೋರ ಪಾಪ ಮಾಡಿದೆನೆಂಬ ಅರಿವಿದ್ದವರು ಪಾಪನಿವೇದನೆ ಮಾಡದೆ ಮುಂದೆ ಹೋಗಬಾರದು. ಸ್ವೀಕರಿಸುವ ಮೊದಲು ಒಂದು ಗಂಟೆ ಏನನ್ನೂ ತಿನ್ನಬಾರದು. ನೀರಿಗೆ, ಔಷಧಿಗೆ ಅಡ್ಡಿಯಿಲ್ಲ. ಹಿಂದೆ ಮಧ್ಯರಾತ್ರಿಯಿಂದಲೇ ನಿರಾಹಾರವಿರಬೇಕಿತ್ತು. 1957ರಲ್ಲಿ ಅದು ಮೂರು ಗಂಟೆಯಾಯಿತು, 1964ರಲ್ಲಿ ಒಂದು ಗಂಟೆಯಾಯಿತು. ಆದುದರಿಂದ ಯಾವುದೇ ಭಾನುವಾರ ನೋಡಿರಿ, ಸಾಲಿಗೆ ಹೋಗದೆ ಸ್ಥಳದಲ್ಲಿಯೇ ಉಳಿಯುವ ಕೆಥೊಲಿಕರು ಇದ್ದೇ ಇರುತ್ತಾರೆ. ನೀವು ಕುಳಿತೇ ಉಳಿದರೆ ಯಾರೂ ಬೆರಳು ತೋರಿಸುವುದಿಲ್ಲ.

ಇನ್ನು ಮದುವೆಗೆ, ಅಂತ್ಯಕ್ರಿಯೆಗೆ ಹೋಗಬೇಕಾದಾಗ ನೀವು ನನ್ನನ್ನು ಆಗಾಗ ಕೇಳುವ ಪ್ರಶ್ನೆಗಳು.

ಮೊಣಕಾಲೂರಲೇಬೇಕೇ? ಬೇಕಾಗಿಲ್ಲ. ಶುಭಸಂದೇಶವನ್ನು ಓದುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ನಾವೂ ನಿಲ್ಲುವುದು ಸೌಜನ್ಯ. ಪ್ರಬೋಧನೆಗೆ ಕುಳಿತುಕೊಳ್ಳುತ್ತಾರೆ. ರೊಟ್ಟಿ ಮತ್ತು ಪಾತ್ರೆಯನ್ನು ಮೇಲೆತ್ತುವ ಹೊತ್ತಿಗೆ ಹೆಚ್ಚಿನವರು ಮೊಣಕಾಲೂರುತ್ತಾರೆ, ಘಂಟೆ ಬಾರಿಸುತ್ತಾರೆ. ಇಡೀ ಪೂಜೆಯ ಅತ್ಯಂತ ಗಂಭೀರ ಸಮಯವದು. ನಾವು ಸುಮ್ಮನೆ ಕುಳಿತು ತಲೆಬಾಗಿದರೆ ಸಾಕು. ಆಗ ಎದ್ದು ಓಡಾಡುವುದು, ಫೋಟೋ ತೆಗೆಯುವುದು ಮಾತ್ರ ಬೇಡ.

ಶಿಲುಬೆಯ ಗುರುತು ಹಾಕಿಕೊಳ್ಳಬೇಕೇ? ಬಾಗಿಲಲ್ಲಿರುವ ತೀರ್ಥವನ್ನು ಮುಟ್ಟಬೇಕೇ? ನಂಬದವರು ಹಾಕಿಕೊಳ್ಳಬೇಕಾಗಿಲ್ಲ, ನಟನೆಯನ್ನು ಅವರೂ ಬಯಸುವುದಿಲ್ಲ. ಕೈಮುಗಿಯಿರಿ. ಅದು ಎಲ್ಲಿಯೂ ಸಲ್ಲುವ ನಮಸ್ಕಾರ. ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿಯನ್ನು ಕೋರುವ ಸಮಯವೊಂದಿದೆ. ನಮ್ಮ ದೇಶದಲ್ಲಿ ಅದನ್ನೂ ಕೈಮುಗಿದೇ ಮಾಡುತ್ತಾರೆ. ಪಕ್ಕದವರು ನಿಮ್ಮತ್ತ ತಿರುಗಿ ಕೈಮುಗಿದರೆ ನೀವೂ ಮುಗಿಯಿರಿ.

ಮೇಣದಬತ್ತಿ ಹಚ್ಚಬಹುದೇ? ಧಾರಾಳವಾಗಿ. ಮಾತೆ ಮರಿಯಮ್ಮನವರ ಮುಂದೆ, ಸಂತರ ಮುಂದೆ ಮೇಣದಬತ್ತಿ ಹಚ್ಚಿ ಬೇಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಮೂರ್ತಿಗಳನ್ನು ಅವರು ಪೂಜಿಸುತ್ತಾರೆಯೇ ಎಂದರೆ, ಆರಾಧನೆ ದೇವರಿಗೊಬ್ಬನಿಗೇ, ಸಂತರಿಗೆ ಸಲ್ಲುವುದು ಗೌರವ ಮಾತ್ರ ಎಂಬುದು ಅವರ ಸಿದ್ಧಾಂತ. ಈ ಭೇದವನ್ನು ಕ್ರಿ.ಶ. 787ರ ನಿಕೇಯಾದ ಮಹಾಸಭೆಯೇ ಸ್ಪಷ್ಟಪಡಿಸಿದೆ.

ಕಾಣಿಕೆ ತಟ್ಟೆ ಬಂದರೆ? ಇಷ್ಟವಿದ್ದರೆ ಹಾಕಿರಿ, ಇಲ್ಲದಿದ್ದರೆ ಮುಂದೆ ಸಾಗಿಸಿರಿ. ಚಪ್ಪಲಿ? ಊರಿಂದೂರಿಗೆ ರೂಢಿ ಬೇರೆ. ಮುಂದಿನವರನ್ನು ನೋಡಿ ಮಾಡಿರಿ.

ಹೋದರೆ ಮತಾಂತರವಾದಂತಾಗುವುದೇ? ಈ ಅಂಜಿಕೆ ಕೆಲವರಲ್ಲಿದೆ. ದೊಡ್ಡವರೊಬ್ಬರು ತಾವಾಗಿಯೇ ಕೆಥೊಲಿಕರಾಗಬೇಕೆಂದರೂ ಬಹುಕಾಲ ಉಪದೇಶ ಪಡೆದು ಕಾಯಬೇಕು; ಸಾಮಾನ್ಯವಾಗಿ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಅವರಿಗೆ ದೀಕ್ಷಾಸ್ನಾನ. ಒಂದು ಗಂಟೆ ಬೆಂಚಿನ ಮೇಲೆ ಕುಳಿತು ಬಂದವನಿಗೆ ಏನೂ ಆಗುವುದಿಲ್ಲ. ಇನ್ನೊಂದು ಸಂಗತಿ. ನಮ್ಮ ಮನೆಯ ಹುಡುಗನೋ ಹುಡುಗಿಯೋ ತನ್ನ ಧರ್ಮದಲ್ಲಿಯೇ ಇದ್ದು ಕೆಥೊಲಿಕರನ್ನು ಇಗರ್ಜಿಯಲ್ಲಿ ಮದುವೆಯಾದರೆ, ಆ ವಿಧಿಯನ್ನು ಬಲಿಪೂಜೆಯಿಲ್ಲದೆ ನಡೆಸುವುದೇ ಅವರ ಕ್ರಮ. ಎರಡು ಮನೆಯವರಲ್ಲಿ ಅರ್ಧ ಜನ ಮುಂದೆ ಹೋಗಿ ಅರ್ಧ ಜನ ಹಿಂದುಳಿಯುವ ಸಂಕಟ ಅಲ್ಲಿ ಬರುವುದಿಲ್ಲ.

ಇಷ್ಟು ನಮ್ಮವರಿಗೆ. ಇನ್ನು ನನ್ನ ಕೆಥೊಲಿಕ ಶಿಷ್ಯರಿಗೆ ಎರಡು ಮಾತು. ಮಾಸ್ತರ ನಮ್ಮ ಪರವೇ ತೀರ್ಪು ಕೊಟ್ಟರೆಂದು ನೀವು ಹಿಗ್ಗುವುದು ಬೇಡ.

ನಿಮ್ಮ ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಆರಾಧನೆಯನ್ನು ಕುರಿತು ಹೊರಡಿಸಿದ ಶಾಸನದಲ್ಲಿ, ಜನರು ಪೂಜೆಯಲ್ಲಿ ಮೂಕ ಪ್ರೇಕ್ಷಕರಾಗಿರದೆ ತಿಳಿದು, ಮನಸ್ಸಿಟ್ಟು ಭಾಗವಹಿಸಬೇಕೆಂದು ಹೇಳಿತು. ಅದರ ಫಲವಾಗಿಯೇ ಲ್ಯಾಟಿನ್ ಹೋಗಿ ನಿಮ್ಮ ನಿಮ್ಮ ಮಾತು ಬಲಿಪೀಠವನ್ನು ಏರಿತು. 1953ರಲ್ಲಿ ಸ್ಥಾಪನೆಯಾದ ನಮ್ಮ ಬೆಳಗಾವಿ ಧರ್ಮಪ್ರಾಂತ್ಯದಲ್ಲಿ ಇಂದು ಕೊಂಕಣಿ, ಮರಾಠಿ, ಕನ್ನಡ, ಇಂಗ್ಲಿಷ್ ಎಲ್ಲದರಲ್ಲಿಯೂ ಪೂಜೆಯಾಗುತ್ತದೆ. ನಮ್ಮ ಭಾಗಕ್ಕೆ ತಕ್ಕ ವ್ಯವಸ್ಥೆಯದು. ಆದರೆ ಮಾತು ತಿಳಿದ ಮೇಲೆ ಮನಸ್ಸು ಎಲ್ಲಿದೆ? ಅಂತ್ಯಕ್ರಿಯೆಗೆಂದು ನಾನು ಹೋದಾಗಲೆಲ್ಲ ಕಾಣುತ್ತೇನೆ: ಒಳಗೆ ಬೆಂಚು ಖಾಲಿಯಿದ್ದರೂ ಗಂಡಸರು ಅಂಗಳದ ಮರದ ನೆರಳಿನಲ್ಲಿ ನಿಂತು ಮಳೆ-ಬೆಳೆ ಮಾತಾಡುತ್ತಿರುತ್ತಾರೆ. ಒಳಗಿದ್ದವರ ಕೈಯಲ್ಲಿ ಮೊಬೈಲು ಮಿನುಗುತ್ತಿರುತ್ತದೆ. ಕೊನೆಯ ಆಶೀರ್ವಾದಕ್ಕೆ ಮೊದಲೇ ಕೆಲವರು ಗಾಡಿ ಹೊರಡಿಸಿರುತ್ತಾರೆ. ಏನೂ ತಿಳಿಯದೆ ಭಕ್ತಿಯಿಂದ ಬೊಗಸೆಯೊಡ್ಡಿದ ಹೊರಗಿನವನಿಗಿಂತ, ಎಲ್ಲ ತಿಳಿದೂ ಹೊರಗೆ ನಿಂತ ಒಳಗಿನವನು ಹೆಚ್ಚು ಪೂಜ್ಯಭಾವವುಳ್ಳವನೆಂದು ನಾನು ಹೇಗೆ ಹೇಳಲಿ? ಪಾವಿತ್ರ್ಯವನ್ನು ಕಾಯಬೇಕಾದವರು ಮೊದಲು ತಮ್ಮಿಂದ ಅದನ್ನು ಕಾಯಬೇಕು.

ಎರಡನೆಯ ಮಾತು: ಅತಿಥಿಯನ್ನು ಬಲಿಪೀಠದ ಮುಂದೆ ತಡೆಯುವುದಕ್ಕಿಂತ ಬಾಗಿಲಲ್ಲಿಯೇ ತಿಳಿಸುವುದು ಲೇಸು. ಲಗ್ನಪತ್ರಿಕೆಯ ಜೊತೆಗೆ ಒಂದು ಚೀಟಿ ಇಡಬಹುದು. ಸಾಲು ಹೊರಡುವ ಮುಂಚೆ, ಪರಮ ಪ್ರಸಾದ ಸ್ವೀಕರಿಸುವ ಕೆಥೊಲಿಕರು ಮಾತ್ರ ಬರಬೇಕು, ಉಳಿದ ಆತ್ಮೀಯರು ಕುಳಿತಲ್ಲಿಯೇ ನಮ್ಮೊಡನೆ ಪ್ರಾರ್ಥಿಸಿರಿ ಎಂದು ಕನ್ನಡದಲ್ಲಿ, ಮರಾಠಿಯಲ್ಲಿ ಅರ್ಧ ನಿಮಿಷ ಹೇಳಿದರೆ ಎಷ್ಟು ಮನಸ್ತಾಪಗಳು ಉಳಿಯುತ್ತವೆ! ಹಾಗೆ ಹೇಳುವ ಇಗರ್ಜಿಗಳೂ ಉಂಟು. ಹೇಳದಿರುವುದು ಸಂಕೋಚದಿಂದ ಎಂಬುದನ್ನು ಬಲ್ಲೆ. ಆದರೆ ಸಂಕೋಚದ ಬೆಲೆಯನ್ನು ಅತಿಥಿಯೇ ತೆರಬೇಕಾಗುತ್ತದೆ.

ಮೂರನೆಯದೊಂದನ್ನು ಸೇರಿಸುತ್ತೇನೆ. ನಮ್ಮ ನೆಲದ ಪೂಜ್ಯಭಾವ ನಿಮಗೆ ಪರಕೀಯವಲ್ಲ. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರದಲ್ಲಿ ಫಾದರ್ ಅಮಲೋರ್ಪವದಾಸರು ದುಡಿದರು. 1969ರಲ್ಲಿ ರೋಮಿನಿಂದ ಒಪ್ಪಿಗೆ ಪಡೆದ ಹನ್ನೆರಡು ಮಾರ್ಪಾಡುಗಳಲ್ಲಿ ನೆಲದ ಮೇಲೆ ಕೂರುವುದು, ಪಾದರಕ್ಷೆ ಬಿಡುವುದು, ಅಂಜಲಿಬದ್ಧರಾಗುವುದು, ಆರತಿ ಎತ್ತುವುದು ಸೇರಿವೆ. ಅಷ್ಟು ದೂರವೇಕೆ, ನಮ್ಮ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿ ಉಟ್ಟು, ವಿರಕ್ತಮಠವೆಂದೇ ಹೆಸರಿಟ್ಟುಕೊಂಡು, ನೆಲದ ಮೇಲೆ ಕುಳಿತು ಪೂಜೆ ಸಲ್ಲಿಸಿದ್ದಾರೆ. ಅದನ್ನು ಮೆಚ್ಚದವರು ನಿಮ್ಮಲ್ಲಿಯೂ ಇದ್ದಾರೆ, ನಮ್ಮಲ್ಲಿಯೂ ಇದ್ದಾರೆ. ನನಗಂತೂ ಅದು ನೆರೆಮನೆಯವರು ನಮ್ಮ ಮಾತನ್ನು ಕಲಿತು ಆಡಿದಂತೆ ಕಂಡಿದೆ. ಅಷ್ಟು ಕಲಿತವರಿಗೆ ಬಂದವರನ್ನು ಕೂಡಿಸಿ ತಿಳಿಸಿ ಹೇಳುವ ನಮ್ಮ ಪದ್ಧತಿಯೂ ಭಾರವಾಗಲಾರದು.

ಹೀಗೆ ಬರೆದರೂ, ಅಂದಿನ ನೋವು ನನ್ನಲ್ಲಿ ಪೂರ್ತಿ ಆರಿದೆಯೆಂದು ಹೇಳಿದರೆ ಸುಳ್ಳಾದೀತು. ನಿಯಮ ಸರಿಯೆಂದು ಬುದ್ಧಿ ಒಪ್ಪಿದೆ. ಬರಿಗೈ ಚಾಚಿದ್ದ ಅವ್ವನ ನೆನಪಾದರೆ ಮನಸ್ಸು ಈಗಲೂ ಒಮ್ಮೆ ಕದಲುತ್ತದೆ. ಪೂಜ್ಯಭಾವವೆಂದರೆ ಇತರರು ಮಾಡಿದ್ದನ್ನೆಲ್ಲ ಮಾಡುವುದಲ್ಲ, ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿದು ಅಲ್ಲಿ ಪ್ರೀತಿಯಿಂದ ನಿಲ್ಲುವುದು ಎಂಬುದನ್ನು ಕಲಿಯಲು ನನಗೆ ನಲವತ್ತಾರು ವರ್ಷ ಬೇಕಾಯಿತು.

ಕಥೆಯ ಕೊನೆಯನ್ನು ಹೇಳಿಬಿಡುತ್ತೇನೆ. ನನ್ನಿಂದ ಅವ್ವನ ವಿಷಯ ಕೇಳಿದ ಅಕ್ಕೋರು ಮುಂದಿನ ಭಾನುವಾರ ಖಾಸಬಾಗದ ಸಂತೆಗೆ ಬಂದವರು ಸೀದಾ ನಮ್ಮ ಮನೆಗೆ ಬಂದರು. ಕೈಯಲ್ಲಿ ಮನೆಯಲ್ಲಿಯೇ ಮಾಡಿದ ತೆಂಗಿನಕಾಯಿ-ಬೆಲ್ಲದ ಸಿಹಿಯ ಡಬ್ಬಿ. ಅವ್ವನ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತು, ಅವರ ಕೈ ಹಿಡಿದು, ಕಣ್ಣುಮುಚ್ಚಿ ಎರಡು ನಿಮಿಷ ತಮ್ಮ ಭಾಷೆಯಲ್ಲಿ ಪ್ರಾರ್ಥಿಸಿದರು. ಅವ್ವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅಷ್ಟೂ ಹೊತ್ತು ತಾವೂ ಕಣ್ಣುಮುಚ್ಚಿಕೊಂಡಿದ್ದರು. ಆಮೇಲೆ ಒಂದು ತುಂಡು ಸಿಹಿಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಆ ವರ್ಷ ದೀಪಾವಳಿಗೆ ಮುನ್ನವೇ ಅವ್ವ ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಅಕ್ಕೋರೂ ಇದ್ದರು. ನಮ್ಮ ವಿಧಿಗಳು ನಡೆಯುವಾಗ ಒಂದು ಬದಿಗೆ, ಎಲ್ಲಿ ನಿಲ್ಲಬೇಕೋ ಅಲ್ಲಿ, ಕೈಮುಗಿದು ನಿಂತಿದ್ದರು.

ಪುಣೆಯ ಶಿಷ್ಯನೇ, ನೀನು ಇದನ್ನು ಓದುತ್ತೀಯೆಂದು ಬಲ್ಲೆ. ಗುಂಪಿನಲ್ಲಿ ಏನನ್ನೂ ಬರೆಯಬೇಡ. ಅವನಿಗೊಂದು ಫೋನು ಮಾಡು. ಖಾನಾಪುರದ ಶಿಷ್ಯನೇ, ಅವನು ಮಾಡುವವರೆಗೆ ನೀನು ಕಾಯಬೇಡ. ಇಬ್ಬರೂ ಕೂಡಿ ಒಮ್ಮೆ ಖಾಸಬಾಗಕ್ಕೆ ಬನ್ನಿರಿ. ಚಹಾ ಅಂತೂ ನಮ್ಮ ಮನೆಯಲ್ಲಿ ಎಲ್ಲರಿಗೂ ಉಂಟು.

ನಿಮ್ಮ ಮಾಸ್ತರ